ಅನ್ನದೊಳಗಿನ ವಿಷಕ್ಕೆ ಒಂದು ಒರೆಗಲ್ಲು

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ. ಬರಲಾಗದವರು ಕೇಳಿದ್ದರಿಂದ ಇಲ್ಲಿ ಅಚ್ಚು ಮಾಡಿದೆ.)



ಹೋದ ಸಲದ ಕೂಟ ಮುಗಿದು ಜಮಖಾನೆ ಸುತ್ತುತ್ತಿದ್ದಾಗ ತತ್ತಿ ವ್ಯಾಪಾರದ ಗೆಳೆಯರೊಬ್ಬರು ನಮ್ಮ ಬಳಿ ಬಂದು ಒಂದು ಮಾತು ಕೇಳಿದರು. “ಮಾಸ್ತರ್ರ, ಕೆಟ್ಟ ತತ್ತಿ ನಾವು ನೀರಾಗ ಹಾಕಿ ನೋಡ್ತೀವಿ, ದೀಪಕ್ಕ ಹಿಡದು ನೋಡ್ತೀವಿ. ವಿಷದ ತತ್ತಿ ಹ್ಯಾಂಗ ಗುರ್ತು ಹಿಡಿಯೂದು?” ನಾವು ಶಾಲೆ ಬಿಟ್ಟು ಎಷ್ಟೋ ವರುಷವಾಯಿತು, ಆದರೂ ಮಾಸ್ತರ ಎನ್ನುವ ಹೆಸರು ನಮ್ಮನ್ನು ಬಿಟ್ಟಿಲ್ಲ. ಮಾಸ್ತರನಾದವನು ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಲೇಬೇಕು. ಅಂದು ನಮ್ಮ ಹತ್ತಿರ ಉತ್ತರವಿರಲಿಲ್ಲ. ಮೆಟ್ರಿಕ್ ಓದಿದ ನಮಗೆ ರಸಾಯನಶಾಸ್ತ್ರದ ಆಳ ಎಲ್ಲಿಂದ ಬರಬೇಕು? ಬಲ್ಲವರನ್ನು ಕೇಳಿ, ಓದಿ, ತಿಳಿದದ್ದನ್ನು ಈ ಸಂಜೆ ನಿಮ್ಮ ಮುಂದೆ ಇಡುತ್ತೇವೆ.

ಆ ಗೆಳೆಯರು ಕೇಳಿದ ಪ್ರಶ್ನೆಯನ್ನೇ 1999ನೆಯ ಇಸವಿಯಲ್ಲಿ ಒಂದು ಇಡೀ ದೇಶ ಕೇಳಬೇಕಾಯಿತು. ಆ ದೇಶ ಯೂರೋಪಿನ ಬೆಲ್ಜಿಯಂ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಆರರಲ್ಲೊಂದು ಪಾಲು, ಅಂದಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಆ ವರುಷದ ಜನವರಿಯಲ್ಲಿ, ಕೋಳಿ ಮೇವಿಗೆ ಬೆರೆಸಲೆಂದು ಹಳೆಯ ಕೊಬ್ಬನ್ನು ಕಾಸಿ ಸೋಸಿ ಮಾರುವ ಒಂದು ವ್ಯವಹಾರದೊಳಗೆ ಬಳಸಿ ಬಿಟ್ಟ ಟ್ರಾನ್ಸ್‌ಫಾರ್ಮರ್ ಎಣ್ಣೆ ಸೇರಿಕೊಂಡಿತು. ಆ ಎಣ್ಣೆಯಲ್ಲಿ ಪಿ.ಸಿ.ಬಿ. ಎಂಬ ಕ್ಲೋರಿನ್ ಕೂಡಿದ ರಸಾಯನ ಸುಮಾರು 50 ಕಿಲೋ ಇತ್ತು. ಅದರ ಜೊತೆಗೆ ಡಯಾಕ್ಸಿನ್ ಎಂಬ ವಿಷ ಎಷ್ಟಿತ್ತು ಬಲ್ಲಿರಾ? ಸುಮಾರು ಒಂದು ಗ್ರಾಂ. ಒಂದು ಗ್ರಾಂ ಎಂದರೆ ನಮ್ಮ ಹೆಣ್ಣುಮಕ್ಕಳ ಮೂಗುಬೊಟ್ಟಿನ ತೂಕ. ಅಷ್ಟು ವಿಷ 500 ಟನ್ ಮೇವಿನಲ್ಲಿ ಹರಡಿ ಸುಮಾರು 2,500 ಕೋಳಿ, ಹಂದಿ, ದನಗಳ ಸಾಕಣೆಗಳಿಗೆ ತಲುಪಿತು. ನೆರೆಯ ಹಾಲೆಂಡ್, ಫ್ರಾನ್ಸ್, ಜರ್ಮನಿಗಳಿಗೂ ಸ್ವಲ್ಪ ಹೋಯಿತು.

ಮೊದಲು ತಿಳಿದದ್ದು ಕೋಳಿಗಳಿಗೆ. ತತ್ತಿ ಇಡುವುದು ಇಳಿಯಿತು. ಕಾವಿಗೆ ಇಟ್ಟ ತತ್ತಿಗಳು ಒಡೆಯಲಿಲ್ಲ. ಒಡೆದು ಬಂದ ಮರಿಗಳ ಮೈಯಲ್ಲಿ ನೀರು ತುಂಬಿ ಬಾವು, ಕಾಲು ನಿಲ್ಲದು. ಫೆಬ್ರವರಿಯಲ್ಲೇ ಸಾಕಣೆಯವರು ಬಾಯಿ ಬಡಿದುಕೊಂಡರು. ಇದು ಎಂದೋ ಪುಸ್ತಕದಲ್ಲಿ ಓದಿದ ಬೇನೆಯಂತಿದೆಯಲ್ಲ ಎಂದು ಅನುಮಾನ ಬಂದ ಮೇಲೆ ಮೇವು ಮತ್ತು ಕೋಳಿಯ ಕೊಬ್ಬಿನ ಮಾದರಿ ಹಾಲೆಂಡಿನ ಪ್ರಯೋಗಶಾಲೆಗೆ ಹೋಯಿತು. ಡಯಾಕ್ಸಿನ್ ಹೌದು, ಅದೂ ಸಹಜ ಮಟ್ಟಕ್ಕಿಂತ ನೂರಾರು ಪಟ್ಟು ಎಂಬ ಉತ್ತರ ಬಂದದ್ದು ಏಪ್ರಿಲ್ ಕೊನೆಗೆ. ಊರ ಜನಕ್ಕೆ, ಕೊಳ್ಳುವವರಿಗೆ, ಮಾರುವವರಿಗೆ ಸುದ್ದಿ ತಿಳಿದದ್ದು ಮೇ ತಿಂಗಳ ಕೊನೆಯ ವಾರ! ಅಲ್ಲಿಯತನಕ ಜನ ತತ್ತಿ ತಿಂದರು, ಕೋಳಿ ತಿಂದರು, ಅಂಗಡಿಕಾರರು ನಂಬಿಕೆಯಿಂದ ಮಾರಿದರು.

ಆಮೇಲೆ ಆದದ್ದನ್ನು ನಮ್ಮ ವ್ಯಾಪಾರಸ್ಥ ಬಂಧುಗಳು ಲಕ್ಷ್ಯವಿಟ್ಟು ಕೇಳಬೇಕು. ಒಂದೇ ದಿನದಲ್ಲಿ ಅಂಗಡಿಗಳ ಹಲಗೆ ಬರಿದಾಯಿತು. ಕೋಳಿ, ತತ್ತಿ ಹೋದವು. ತತ್ತಿ ಹಾಕಿ ಮಾಡಿದ ತಿಂಡಿಗಳೂ ಹೋದವು. ಹಂದಿ, ದನದ ಮಾಂಸಕ್ಕೂ ಬೆಣ್ಣೆಗೂ ಅನುಮಾನ ಹತ್ತಿತು. ಪರದೇಶಗಳು ಬೆಲ್ಜಿಯಂ ಸರಕಿಗೆ ಬಾಗಿಲು ಮುಚ್ಚಿದವು. ಕೃಷಿ ಮಂತ್ರಿ ಕಾರೆಲ್ ಪಿಂಕ್ಸ್ಟೆನ್, ಆರೋಗ್ಯ ಮಂತ್ರಿ ಮಾರ್ಸೆಲ್ ಕೊಲ್ಲಾ ಇಬ್ಬರೂ ಜೂನ್ 1ರಂದು ರಾಜೀನಾಮೆ ಕೊಟ್ಟರು. ಜೂನ್ 13ರ ಚುನಾವಣೆಯಲ್ಲಿ ಪ್ರಧಾನಿ ದಹೇನೆಯವರ ಸರಕಾರ ಬಿದ್ದುಹೋಯಿತು. ಮಂತ್ರಿಗಳ ಮಾತು ಬಿಡಿ, ಅವರಿಗೆ ಬೇರೆ ಕೆಲಸ ಸಿಗುತ್ತದೆ. ನಾವು ನಿಮ್ಮನ್ನು ಕೇಳುವುದು ಇದು: ಶುದ್ಧವಾದ ತತ್ತಿ ಮಾರುತ್ತಿದ್ದ ಮೂಲೆಯ ಅಂಗಡಿಯವನು “ನನ್ನದು ಶುದ್ಧ” ಎಂದು ಹೇಗೆ ತೋರಿಸಬೇಕು? ನೀರಿಗೆ ಹಾಕಿದರೆ ವಿಷದ ತತ್ತಿಯೂ ಮುಳುಗುತ್ತದೆ, ಒಳ್ಳೆಯದೂ ಮುಳುಗುತ್ತದೆ. ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಡಯಾಕ್ಸಿನ್ ಅಳೆಯಬಲ್ಲ ಪ್ರಯೋಗಶಾಲೆಗಳು ಆಗ ಬೆರಳೆಣಿಕೆಯಷ್ಟು, ಮಾದರಿಗಳೋ ಸಾವಿರಗಟ್ಟಲೆ. ಕೊನೆಗೆ ಬೆಲ್ಜಿಯಂನವರು ಡಯಾಕ್ಸಿನನ್ನು ಬಿಟ್ಟು, ಅದರ ಜೊತೆಗೆ ಬಂದಿದ್ದ ಪಿ.ಸಿ.ಬಿ.ಯನ್ನು ಅಳೆದು ಅಂದಾಜು ಕಟ್ಟಿದರು. ಅಂಥ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾದರಿಗಳ ಲೆಕ್ಕ ಮುಂದೆ ಪ್ರಕಟವಾಯಿತು. ಕಳ್ಳ ಸಿಗದಿದ್ದಾಗ ಅವನ ನೆರಳನ್ನು ಹಿಡಿದಂತೆ. ಅಷ್ಟರಲ್ಲಿ ಒಳ್ಳೆಯ ಸರಕೂ ಕೆಟ್ಟ ಸರಕೂ ಒಂದೇ ಗುಂಡಿಗೆ ಬಿದ್ದಿತ್ತು.

ಇದನ್ನು ಅಳೆಯುವುದು ಯಾಕೆ ಅಷ್ಟು ಕಷ್ಟ? ಸ್ವಲ್ಪ ಲೆಕ್ಕ ಮಾಡೋಣ, ಅಂಜಬೇಡಿ. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿಗೆ ಪಿಕೋಗ್ರಾಂ ಎಂದು ಹೆಸರು. ಇಂದು ಯೂರೋಪಿನ ಕಾಯಿದೆ ಹೇಳುವುದೇನೆಂದರೆ, ತತ್ತಿಯ ಒಂದು ಗ್ರಾಂ ಕೊಬ್ಬಿನಲ್ಲಿ ಎರಡೂವರೆ ಪಿಕೋಗ್ರಾಂಗಿಂತ ಹೆಚ್ಚು ಡಯಾಕ್ಸಿನ್ ಇರಕೂಡದು. ಇಷ್ಟು ಕಡಿಮೆ ಮಿತಿ ಯಾಕೆಂದರೆ ಈ ವಿಷ ಮೈಯ ಕೊಬ್ಬಿನಲ್ಲಿ ಮನೆ ಮಾಡುತ್ತದೆ. ಒಳಗೆ ಹೋದದ್ದು ಅರ್ಧಕ್ಕೆ ಇಳಿಯಲು 7ರಿಂದ 11 ವರುಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೊತ್ತಿನ ಚೂರು ನಾಳಿನ ಚೂರಿನ ಮೇಲೆ ಕೂಡುತ್ತ ಹೋಗುತ್ತದೆ, ಸಾಹುಕಾರನ ಬಡ್ಡಿಯ ಹಾಗೆ. ಮನುಷ್ಯರ ಮೈ ಸೇರುವ ಡಯಾಕ್ಸಿನಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಬರುವುದು ಉಣ್ಣುವ ಪದಾರ್ಥದಿಂದಲೇ, ಬಹುಮಟ್ಟಿಗೆ ಮಾಂಸ, ಮೀನು, ಹಾಲಿನಿಂದ. ಡಯಾಕ್ಸಿನುಗಳಲ್ಲಿ ಅತ್ಯಂತ ಕ್ರೂರವಾದ ಟಿ.ಸಿ.ಡಿ.ಡಿ. ಎಂಬುದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ 1997ರಲ್ಲಿ ತೀರ್ಮಾನಿಸಿತು.

ಇನ್ನೊಂದು ತೊಡಕುಂಟು. ಡಯಾಕ್ಸಿನ್ ಎಂಬುದು ಒಂದಲ್ಲ, ಒಂದು ದೊಡ್ಡ ಸಂಸಾರ. ಅದರಲ್ಲಿ ಕಾಯಿದೆಗೆ ಲೆಕ್ಕಕ್ಕೆ ಬರುವವು 29. ಅವುಗಳ ಕ್ರೌರ್ಯ ಒಂದೇ ಸಮನಾಗಿಲ್ಲ. ಒಂದು ರೂಪಾಯಿಯಷ್ಟು ಕ್ರೂರವಾದರೆ ಇನ್ನೊಂದು ಹತ್ತು ಪೈಸೆ, ಮತ್ತೊಂದು ಒಂದು ಪೈಸೆ. ನಾವು ಚಿಲ್ಲರೆಯನ್ನೆಲ್ಲ ಕೂಡಿಸಿ ಇಷ್ಟು ರೂಪಾಯಿ ಎನ್ನುವುದಿಲ್ಲವೇ, ಹಾಗೆ ಅವರು 29ನ್ನೂ ಬೇರೆ ಬೇರೆಯಾಗಿ ತೂಗಿ ಟಿ.ಸಿ.ಡಿ.ಡಿ.ಯ ಬೆಲೆಗೆ ತಿರುಗಿಸಿ ಕೂಡಿಸುತ್ತಾರೆ. ಈ ಕೆಲಸಕ್ಕೆ ಬೇಕಾದ ಯಂತ್ರ ಬಹಳ ಬೆಲೆಯದು. ನಡೆಸಲು ಪಳಗಿದ ಕೈ ಬೇಕು, ಮಾದರಿಯನ್ನು ಶುದ್ಧ ಮಾಡಲು ದಿನಗಟ್ಟಲೆ ಬೇಕು. ಉತ್ತರ ಮಾತ್ರ ಬಹಳ ಖಚಿತ.

ಯಂತ್ರ ಬರುವ ಮೊದಲು ಈ ವಿಷವನ್ನು ಅಳೆದವರು ಯಾರು? ಈ ಭಾಗ ಗಿರಣಿಯ ಸಂಗಾತಿಗಳಿಗೆ. ಮೊದಲು ಅಳೆದದ್ದು ಕೂಲಿಕಾರನ ಮುಖ.

ಜರ್ಮನಿಯಲ್ಲಿ, ಹುಲ್ಲು ಕಳೆ ಕೊಲ್ಲುವ ಔಷಧಕ್ಕೆ ಬೇಕಾದ ರಸಾಯನ ತಯಾರಿಸುವ ಕಾರ್ಖಾನೆಗಳಲ್ಲಿ 1950ರ ಸುಮಾರಿಗೆ ಕೆಲಸಗಾರರ ಕೆನ್ನೆ, ಕಿವಿಯ ಹಿಂದೆ, ಕತ್ತಿನ ಮೇಲೆ ಕಪ್ಪು ತಲೆಯ ಗುಳ್ಳೆಗಳು ಎದ್ದವು. ಹರೆಯದ ಮೊಡವೆಯಂತೆ ಒಂದೆರಡು ವರುಷಕ್ಕೆ ಹೋಗುವ ಗುಳ್ಳೆಗಳಲ್ಲ, ಹಲವರಿಗೆ ದಶಕಗಟ್ಟಲೆ ಉಳಿದವು. 1953ರ ನವೆಂಬರ್ 17ರಂದು ಲುಡ್ವಿಗ್ಸ್‌ಹಾಫೆನ್ ಊರಿನ ಬಿ.ಎ.ಎಸ್.ಎಫ್. ಕಾರ್ಖಾನೆಯಲ್ಲಿ ಇದೇ ರಸಾಯನದ ಪಾತ್ರೆ ಕೈಮೀರಿ ಹೋಗಿ ಅನೇಕರು ಹೀಗೆ ಬಾಧೆಪಟ್ಟರು. ಹ್ಯಾಂಬರ್ಗಿನ ಕಾರ್ಖಾನೆಯೊಂದರ ಕೆಲಸಗಾರರನ್ನು ನೋಡುತ್ತಿದ್ದ ಚರ್ಮವೈದ್ಯ ಕಾರ್ಲ್ ಶುಲ್ಟ್ಸ್ ಈ ಗುಳ್ಳೆಯ ಮೂಲ ಹುಡುಕುತ್ತ ಹೋದ. ಮೊಲದ ಕಿವಿಗೆ ಹಚ್ಚಿ ನೋಡಿದ, ಕಡೆಗೆ ತನ್ನ ಮುಂಗೈಗೇ ಹಚ್ಚಿಕೊಂಡು ನೋಡಿದ. ಟಿ.ಸಿ.ಡಿ.ಡಿ.ಯೇ ಇದಕ್ಕೆ ಕಾರಣವೆಂದು 1957ರಲ್ಲಿ ಪ್ರಕಟವಾಯಿತು. ಆ ವೈದ್ಯನಿಗೆ ನಮ್ಮ ನಮಸ್ಕಾರ. ಆದರೆ ಅವನು ಬೇಕೆಂದು ಹಚ್ಚಿಕೊಂಡ. ಕೂಲಿಕಾರರನ್ನು ಯಾರೂ ಕೇಳಿರಲಿಲ್ಲ.

ಅದೇ 1957ರಲ್ಲಿ ಅಮೆರಿಕದಲ್ಲಿ ಲಕ್ಷ ಲಕ್ಷ ಕೋಳಿಮರಿಗಳು ಎದೆಯ ಸುತ್ತ ನೀರು ತುಂಬಿ ಸತ್ತವು. ಮೇವಿಗೆ ಸೇರಿಸಿದ ಕೊಬ್ಬಿನಲ್ಲಿ ಏನೋ ಇದೆ ಎಂದಷ್ಟೇ ಗೊತ್ತಾಯಿತು. ಅದು ಡಯಾಕ್ಸಿನ್ ಎಂದು ಹೇಳಲು ಇನ್ನೂ ಹಲವು ವರುಷ ಬೇಕಾಯಿತು. ಅಲ್ಲಿಯತನಕ ಅವರು ಕೊಬ್ಬನ್ನು ಪರೀಕ್ಷಿಸುತ್ತಿದ್ದ ಬಗೆ ಹೇಗೆ? ಅನುಮಾನದ ಕೊಬ್ಬನ್ನು ಮರಿಗಳಿಗೆ ಮೂರು ವಾರ ತಿನ್ನಿಸುವುದು, ಆಮೇಲೆ ಕೊಯ್ದು ಗುಂಡಿಗೆಯ ಸುತ್ತ ನೀರು ತುಂಬಿದೆಯೇ ನೋಡುವುದು. ಬೆಲ್ಜಿಯಂನಲ್ಲಿ ನೆನಪಿಗೆ ಬಂದ ಪುಸ್ತಕದ ಬೇನೆ ಇದೇ.

ಕೋಳಿ ಹೇಳಿದ್ದನ್ನು ಮನುಷ್ಯರು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಜಪಾನ್ ಸಾಕ್ಷಿ. 1968ರ ಆರಂಭದಲ್ಲಿ ಆ ದೇಶದ ಪಶ್ಚಿಮ ಭಾಗದಲ್ಲಿ ಲಕ್ಷಾಂತರ ಕೋಳಿಗಳು ಸತ್ತವು. ಮೇವಿನಲ್ಲಿದ್ದ ಎಣ್ಣೆ ಕನೆಮಿ ಎಂಬ ಕಂಪನಿಯದು. ಅದೇ ಕಂಪನಿ ಜನರಿಗೆ ಅಕ್ಕಿ ತೌಡಿನ ಎಣ್ಣೆಯನ್ನೂ ಮಾರುತ್ತಿತ್ತು. ಎಣ್ಣೆ ಕಾಸುವ ಕೊಳವೆಯೊಳಗೆ ಪಿ.ಸಿ.ಬಿ. ಹರಿಯುತ್ತಿತ್ತು, ಕೊಳವೆ ತೂತಾಗಿತ್ತು. ಕೋಳಿ ಸತ್ತಾಗ ಅಡುಗೆಯ ಎಣ್ಣೆಯನ್ನು ಯಾರೂ ಪರೀಕ್ಷಿಸಲಿಲ್ಲ. ಮನುಷ್ಯರ ಬೇನೆ ಬಯಲಾದದ್ದು ಅಕ್ಟೋಬರಿನಲ್ಲಿ. ಸಾವಿರಾರು ಜನ ಹಾಸಿಗೆ ಹಿಡಿದರು, ಮೈ ಕಪ್ಪಾದ ಕೂಸುಗಳು ಹುಟ್ಟಿದವು.

ಕೂಲಿಕಾರನ ಮುಖ, ಮೊಲದ ಕಿವಿ, ಕೋಳಿಮರಿಯ ಗುಂಡಿಗೆ, ತೌಡಿನೆಣ್ಣೆ ಕೊಂಡ ಸಂಸಾರಗಳು. ಇವು ಈ ವಿಷದ ಮೊದಮೊದಲ ತಕ್ಕಡಿಗಳು. ಈಗ ಹೊಸ ತಕ್ಕಡಿಯ ಮಾತಿಗೆ ಬರುತ್ತೇವೆ. ಇದಕ್ಕಾಗಿಯೇ ನಾವು ನಿಂತದ್ದು.

ನಿಮ್ಮ ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆದದ್ದು. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಣೆಗಳು ಅವು. ಜೀವಕೋಶದೊಳಗೆ ಡಯಾಕ್ಸಿನನ್ನು ಕಂಡಕೂಡಲೇ ಹಿಡಿಯುವ ಒಂದು ಪದಾರ್ಥವಿದೆಯೆಂದು ಅಮೆರಿಕದ ಅಲನ್ ಪೋಲೆಂಡ್ ಮತ್ತು ಜೊತೆಗಾರರು 1976ರಲ್ಲಿ ಸುಂಡಿಲಿಯ ಯಕೃತ್ತಿನಲ್ಲಿ ಕಂಡುಹಿಡಿದರು. ಈ ಪೋಲೆಂಡರೇ 1971ರಲ್ಲಿ ನೆವಾರ್ಕ್ ಊರಿನ ಕಳೆನಾಶಕ ಕಾರ್ಖಾನೆಯ ಕೆಲಸಗಾರರ ಆರೋಗ್ಯ ಪರೀಕ್ಷೆಯ ವರದಿ ಬರೆದವರು. ಆ ಪದಾರ್ಥವನ್ನು ಬೀಗವೆನ್ನಿ, ಡಯಾಕ್ಸಿನನ್ನು ಕೀಲಿಕೈ ಎನ್ನಿ. ಕೀಲಿ ಬಿದ್ದ ಬೀಗ ಜೀವಕೋಶದ ನಡುಮನೆಗೆ ಹೋಗಿ ಅಲ್ಲಿಯ ಕೆಲವು ಗುಂಡಿಗಳನ್ನು ಒತ್ತುತ್ತದೆ. ಒತ್ತಬಾರದ ಹೊತ್ತಿನಲ್ಲಿ, ಒತ್ತಬಾರದಷ್ಟು ದಿನ ಒತ್ತುತ್ತಲೇ ಇರುತ್ತದೆ. ಮೈ ಕೆಡುವುದು ಬಹುಮಟ್ಟಿಗೆ ಹಾಗೆ.

ಪಂಡಿತರ ಜಾಣತನ ನೋಡಿ. ಗುಂಡಿ ಒತ್ತಿದರೆ ದೀಪ ಹತ್ತುವ ಹಾಗೆ ಮಾಡಿದರೆ? ಮಳೆಗಾಲದ ಬೇಲಿಯಲ್ಲಿ ಮಿಂಚುಹುಳ ಬೆಳಗುವುದನ್ನು ನೀವೆಲ್ಲ ಕಂಡಿದ್ದೀರಿ. ಅದರ ಮೈಯಲ್ಲಿ ಬೆಳಕು ಮಾಡುವ ಒಂದು ಪದಾರ್ಥವಿದೆ, ಲೂಸಿಫರೇಸ್ ಎಂದು ಹೆಸರು. ಅದನ್ನು ತಯಾರಿಸುವ ಸೂತ್ರವನ್ನು, ಅಂದರೆ ಮಿಂಚುಹುಳದ ಜೀನನ್ನು, 1985ರಲ್ಲಿ ಅಮೆರಿಕದಲ್ಲಿ ಬೇರ್ಪಡಿಸಿದ್ದರು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಮೈಕೆಲ್ ಡೆನಿಸನ್ ಮತ್ತು ಹಾಲೆಂಡಿನ ವಾಗೆನಿಂಗೆನ್ ಊರಿನ ವಿಜ್ಞಾನಿಗಳು ಆ ಜೀನನ್ನು ಇಲಿಯ ಯಕೃತ್ತಿನ ಜೀವಕೋಶದೊಳಗೆ, ಡಯಾಕ್ಸಿನ್ ಒತ್ತುವ ಗುಂಡಿಯ ಬೆನ್ನಿಗೇ ಜೋಡಿಸಿದರು. ಈ ಪರೀಕ್ಷೆಗೆ ಕ್ಯಾಲಕ್ಸ್ ಎಂದು ಹೆಸರಾಯಿತು.

ಇಲಿಯನ್ನು ಕೊಲ್ಲುತ್ತಾರೇನು ಎಂದು ನಮ್ಮ ಜೈನ ಬಂಧುಗಳು ಕೇಳಬಹುದು. ಪ್ರತಿ ಪರೀಕ್ಷೆಗೂ ಇಲಿ ಬೇಡ. 1960ರ ದಶಕದಲ್ಲಿ ಒಂದು ಇಲಿಯ ಯಕೃತ್ತಿನ ಗೆಡ್ಡೆಯಿಂದ ತೆಗೆದ ಜೀವಕೋಶಗಳು ಗಾಜಿನಲ್ಲಿ, ಉಣಿಸು ಹಾಕಿದಷ್ಟು ಕಾಲ, ಒಡೆದು ಎರಡಾಗಿ ನಾಲ್ಕಾಗಿ ಬೆಳೆಯುತ್ತಲೇ ಇವೆ. ಹೆಪ್ಪು ಎತ್ತಿಟ್ಟು ದಿನಾ ಮೊಸರು ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ನಡೆಯುವ ಬಗೆ ಹೀಗೆ. ತತ್ತಿಯ ಬಂಡಾರದಿಂದ, ಹಾಲಿನಿಂದ, ಮಾಂಸದಿಂದ ಕೊಬ್ಬನ್ನು ತೆಗೆಯುತ್ತಾರೆ. ಕೆಲವೇ ಗ್ರಾಂ ಸಾಕು. ಅದನ್ನು ಗಂಧಕಾಮ್ಲ ಹೀರಿದ ಮರಳಿನಂಥ ಪುಡಿಯ ಕೊಳವೆಯ ಮೂಲಕ ಇಳಿಸುತ್ತಾರೆ. ಕೊಬ್ಬು ಅಲ್ಲೇ ಸುಟ್ಟು ನಿಲ್ಲುತ್ತದೆ, ಬೇರೆ ಎಷ್ಟೋ ಕಶ್ಮಲ ಸುಡುತ್ತದೆ. ಡಯಾಕ್ಸಿನ್ ಮಾತ್ರ ಜಗ್ಗುವುದಿಲ್ಲ, ಕೆಳಗೆ ಇಳಿದು ಬರುತ್ತದೆ. ಅದರ ಆ ಮೊಂಡುತನದಿಂದಲೇ ಅದು ಸಿಕ್ಕಿಬೀಳುತ್ತದೆ. ಇಳಿದ ರಸವನ್ನು 96 ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ ಬೆಳೆದು ನಿಂತ ಜೀವಕೋಶಗಳಿಗೆ ಹಾಕುತ್ತಾರೆ. ನಮ್ಮ ಪಡ್ಡಿನ ಹಂಚನ್ನು ನೆನೆಯಿರಿ, ಗುಳಿಗಳು ಕಡಲೆಕಾಳಿನಷ್ಟು ಎಂದುಕೊಳ್ಳಿ. ಕೆಲವು ಗುಳಿಗಳಿಗೆ ಎಷ್ಟು ಡಯಾಕ್ಸಿನ್ ಎಂದು ಗೊತ್ತಿರುವ ರಸ, ಕೆಲವಕ್ಕೆ ಏನೂ ಇಲ್ಲದ ರಸ, ಉಳಿದವಕ್ಕೆ ನಮ್ಮ ತತ್ತಿಯದು. ಮನುಷ್ಯನ ಮೈಯ ಶಾಖದಲ್ಲಿ, 37 ಡಿಗ್ರಿಯಲ್ಲಿ, ಸುಮಾರು ಒಂದು ಹಗಲು ಒಂದು ರಾತ್ರಿ ಇಡುತ್ತಾರೆ. ಮರುದಿನ ಜೀವಕೋಶಗಳನ್ನು ಒಡೆದು, ಮಿಂಚುಹುಳದ ಬೆಳಕಿಗೆ ಬೇಕಾದ ಎಣ್ಣೆಯೆನ್ನಬಹುದಾದ ಲೂಸಿಫೆರಿನ್ ಹನಿಸುತ್ತಾರೆ. ಗುಳಿ ಬೆಳಗುತ್ತದೆ! ಬರಿಗಣ್ಣಿಗೆ ಕಾಣದಷ್ಟು ಮಂಕು ಬೆಳಕು, ಯಂತ್ರದ ಕಣ್ಣು ಅದನ್ನು ಎಣಿಸುತ್ತದೆ. ಹೆಚ್ಚು ವಿಷಕ್ಕೆ ಹೆಚ್ಚು ಬೆಳಕು. ಗೊತ್ತಿದ್ದ ಗುಳಿಗಳ ಬೆಳಕಿನ ಪಕ್ಕದಲ್ಲಿಟ್ಟು ನಮ್ಮ ತತ್ತಿಯದು ಎಷ್ಟೆಂದು ಲೆಕ್ಕ ಹಾಕುತ್ತಾರೆ.

29ನ್ನೂ ಬೇರೆ ಬೇರೆ ತೂಗಿ ಕೂಡಿಸುವ ತಾಪತ್ರಯವೂ ಇಲ್ಲಿಲ್ಲ. ಜೀವಕೋಶವೇ ಕೂಡಿಸಿ ಹೇಳುತ್ತದೆ. ಒಂದೇ ತಟ್ಟೆಯಲ್ಲಿ ಹಲವು ಮಾದರಿ ಹೋಗುತ್ತವೆ, ಖರ್ಚು ದೊಡ್ಡ ಯಂತ್ರದ ಒಂದು ಪಾಲು ಮಾತ್ರ. ಪಟ್ಟಿಯಲ್ಲಿ ಇಲ್ಲದ ಕಳ್ಳನನ್ನೂ ಜೀವಕೋಶ ಹಿಡಿಯಬಲ್ಲದು. ಹಳೆಯ ಕಂಪ್ಯೂಟರ್, ಟಿ.ವಿ.ಗಳ ಪ್ಲಾಸ್ಟಿಕ್ ಸುಟ್ಟಾಗ ಕ್ಲೋರಿನ್ ಬದಲು ಬ್ರೋಮಿನ್ ಕೂಡಿದ ಡಯಾಕ್ಸಿನುಗಳು ಹುಟ್ಟುತ್ತವೆ. ಆ 29ರ ಪಟ್ಟಿಯಲ್ಲಿ ಅವು ಇಲ್ಲ. ಯಂತ್ರ ನಾವು ಕೇಳಿದ್ದನ್ನಷ್ಟೇ ಹುಡುಕುತ್ತದೆ. ಜೀವಕೋಶ ತನಗೆ ನೋವಾದರೆ ಕೂಗುತ್ತದೆ.

1998ರಲ್ಲಿ ಬ್ರೆಜಿಲ್ ದೇಶದಿಂದ ಯೂರೋಪಿಗೆ ಬಂದ, ದನದ ಮೇವಿಗೆ ಹಾಕುವ ನಿಂಬೆ ಜಾತಿಯ ಹಣ್ಣಿನ ಹಿಂಡಿಯಲ್ಲಿ ಡಯಾಕ್ಸಿನ್ ಸಿಕ್ಕಿತ್ತು. ಅದಾದ ಮರುವರುಷವೇ ಬೆಲ್ಜಿಯಂ ಪ್ರಕರಣ. ಹಾಲೆಂಡಿನವರು ಈ ಪರೀಕ್ಷೆಯನ್ನು ಆ ಗಡಿಬಿಡಿಯಲ್ಲಿ ಕೆಲಸಕ್ಕೆ ಹಚ್ಚಿದರು. ಮುಂದೆ 2002ರಲ್ಲಿ ಯೂರೋಪಿನ ನಿಯಮಗಳಲ್ಲಿ ಇದಕ್ಕೆ ಜಾಗ ಸಿಕ್ಕಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮಣ್ಣಿನ ಪರೀಕ್ಷೆಗೆ ಇಂಥದೇ ವಿಧಾನವನ್ನು 4435 ಎಂಬ ಸಂಖ್ಯೆ ಕೊಟ್ಟು ಸೇರಿಸಿಕೊಂಡಿದೆ. ಜಪಾನಿನಲ್ಲಿ ಕಸ ಸುಡುವ ಕುಲುಮೆಗಳ ಬೂದಿಯನ್ನೂ ಇದಕ್ಕೆ ಹಚ್ಚುತ್ತಾರೆ.

ಹಾಗಾದರೆ ದೊಡ್ಡ ಯಂತ್ರ ಮಾರಿಬಿಡಬಹುದೇ? ಬೇಡ. ನಮ್ಮ ಸರಾಫ ಕಟ್ಟೆಯವರು ಇಲ್ಲಿ ಕುಳಿತಿದ್ದಾರೆ, ಅವರಿಗೆ ಈ ಮಾತು ಬೇಗ ಹಿಡಿಯುತ್ತದೆ. ಒರೆಗಲ್ಲಿಗೆ ಬಂಗಾರ ತಿಕ್ಕಿ ನೋಡುವುದು ಒಂದು, ಕರಗಿಸಿ ತೂಗಿ ಇಷ್ಟೇ ಎನ್ನುವುದು ಇನ್ನೊಂದು. ಜೀವಕೋಶದ ಪರೀಕ್ಷೆ ಒರೆಗಲ್ಲು. ಹೊಗೆಯಲ್ಲಿ, ಕರಿದು ಸೀದ ಪದಾರ್ಥದಲ್ಲಿ, ಕೆಲವು ತರಕಾರಿಗಳಲ್ಲೂ ಆ ಬೀಗಕ್ಕೆ ಹೊಂದುವ ಬೇರೆ ಕೀಲಿಗಳಿವೆ. ಶುದ್ಧ ಮಾಡುವ ಕೈ ಸರಿಯಿಲ್ಲದಿದ್ದರೆ ಅವೂ ಬೆಳಕು ಹತ್ತಿಸಿ ನಿರಪರಾಧಿಯ ಮೇಲೆ ಅಪವಾದ ತಂದಾವು. ಆದ್ದರಿಂದ ಯೂರೋಪಿನ ನಿಯಮ ಎರಡು ಮಾತು ಹೇಳುತ್ತದೆ. ಒರೆಗಲ್ಲು ಅನುಮಾನ ಹೇಳಿದ್ದನ್ನು ದೊಡ್ಡ ಯಂತ್ರಕ್ಕೆ ಕಳಿಸಿ ಖಚಿತ ಮಾಡಿಕೊಳ್ಳಬೇಕು, ಜೀವಕೋಶದ ಸಾಕ್ಷಿಯೊಂದನ್ನೇ ಹಿಡಿದು ಯಾರನ್ನೂ ಅಪರಾಧಿ ಎನ್ನಕೂಡದು. ಇನ್ನು ಕೆಟ್ಟದ್ದನ್ನು ಒಳ್ಳೆಯದೆಂದು ಬಿಟ್ಟುಬಿಡುವ ತಪ್ಪು ನೂರಕ್ಕೆ ಐದಕ್ಕಿಂತ ಕಡಿಮೆ ಇರಬೇಕು. ಈ ಎರಡನೆಯದು ಉಣ್ಣುವವನ ಪರ, ಮೊದಲನೆಯದು ಮಾರುವವನ ಪರ. ನ್ಯಾಯವಾದ ನಿಯಮವೆಂದೇ ನಮ್ಮ ಅಭಿಪ್ರಾಯ.

ಒರೆಗಲ್ಲು ಇದ್ದರೂ ಸರಕಿನ ಜಾಡು ಗೊತ್ತಿರದಿದ್ದರೆ ನಷ್ಟ ತಪ್ಪದು. ಐರ್ಲೆಂಡಿನಲ್ಲಿ ಮೇವು ಒಣಗಿಸುವ ಒಲೆಗೆ ಕೆಟ್ಟ ಎಣ್ಣೆ ಹಾಕಿದ್ದರಿಂದ ಡಯಾಕ್ಸಿನ್ ಸೇರಿದ್ದು 2008ರ ಡಿಸೆಂಬರಿನಲ್ಲಿ ಬಯಲಾಯಿತು. ಆ ಮೇವು ಹೋದದ್ದು ಹತ್ತು ಹಂದಿ ಸಾಕಣೆಗಳಿಗೆ. ಆದರೆ ಮಾಂಸದ ಕಾರ್ಖಾನೆಗಳಲ್ಲಿ ಎಲ್ಲವೂ ಬೆರೆತುಹೋಗಿತ್ತು. ಅದಕ್ಕೆ ಮೂರು ತಿಂಗಳಿಂದ ಮಾರಿದ್ದ ಇಡೀ ದೇಶದ ಹಂದಿ ಮಾಂಸವನ್ನೇ ಹಿಂದಕ್ಕೆ ಕರೆದರು.

ಇದೆಲ್ಲ ಪರದೇಶದ ಕಥೆ ಎನ್ನುತ್ತೀರಾ? ಚವಳಿಕಾಯಿ ಪಲ್ಯ ಉಣ್ಣದವರು ನಮ್ಮಲ್ಲಿ ಯಾರಿದ್ದಾರೆ? ಮೈಸೂರು ಕಡೆಯವರು ಗೋರಿಕಾಯಿ ಎನ್ನುತ್ತಾರೆ. ಅದರ ಬೀಜದಿಂದ ಒಂದು ಗೋಂದು ಬರುತ್ತದೆ, ಗ್ವಾರ್ ಗೋಂದು. ಬೆಳೆ ಹೆಚ್ಚಾಗಿ ರಾಜಸ್ಥಾನದ್ದು. ಐಸ್‌ಕ್ರೀಮಿಗೂ ಅದೇ, ಬಟ್ಟೆಗೆ ಬಣ್ಣ ಅಚ್ಚು ಹಾಕುವಾಗ ಬಣ್ಣ ಹರಡದಂತೆ ಗಟ್ಟಿ ಮಾಡಲಿಕ್ಕೂ ಅದೇ. 2007ರ ಜುಲೈಯಲ್ಲಿ ಭಾರತದಿಂದ ಹೋದ ಈ ಗೋಂದಿನಲ್ಲಿ ಯೂರೋಪಿನವರಿಗೆ ಡಯಾಕ್ಸಿನ್ ಸಿಕ್ಕಿತು, ಅದರ ಜೊತೆಗೆ ಪೆಂಟಾಕ್ಲೋರೋಫಿನಾಲ್ ಎಂಬ ರಸಾಯನ ಸಿಕ್ಕಿತು. ಗಿರಣಿಯ ಸೈಜಿಂಗ್ ಖಾತೆಯ ಹಳಬರಿಗೆ ಇದರ ಗುರುತು ಹತ್ತಬಹುದು. ಹಾಸಿನ ನೂಲಿಗೆ ಹಾಕುವ ಗಂಜಿಗೆ ಬೂಷ್ಟು ಹಿಡಿಯದಿರಲೆಂದು ಲೋಕದ ಎಷ್ಟೋ ಗಿರಣಿಗಳಲ್ಲಿ ಇದನ್ನು ಬೆರೆಸುತ್ತಿದ್ದರು. ಇದನ್ನು ತಯಾರಿಸುವಾಗಲೇ ಡಯಾಕ್ಸಿನ್ ಇದರ ಬೆನ್ನಿಗೆ ಹುಟ್ಟಿಬರುತ್ತದೆ. ಪರೀಕ್ಷೆಯ ಪತ್ರವಿಲ್ಲದೆ ಭಾರತದ ಗೋಂದು ಒಳಗೆ ಬರಕೂಡದೆಂದು 2008ರಲ್ಲಿ ಯೂರೋಪು ನಿಯಮ ಮಾಡಿತು. ಗೋಂದು ತಿನ್ನುವ ಅಲ್ಲಿಯವರಿಗೆ ರಕ್ಷಣೆ ಸಿಕ್ಕಿತು, ಒಳ್ಳೆಯದೇ. ಗಂಜಿಯ ಕೊಳಗದ ಮುಂದೆ ಬರಿಗೈಯಲ್ಲಿ ನಿಂತವರಿಗೆ ಒರೆಗಲ್ಲು ಹಿಡಿದವರು ಯಾರು?

ಬೆಲ್ಜಿಯಂನಲ್ಲಿ ಕೇಡು ಮಾಡಿದ ಪಿ.ಸಿ.ಬಿ. ಎಣ್ಣೆ ನಮ್ಮ ದೇಶದ ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲೂ ಇತ್ತು. ಭಾರತ ಸರಕಾರ 2016ರಲ್ಲಿ ಆಜ್ಞೆ ಹೊರಡಿಸಿ ಪಿ.ಸಿ.ಬಿ.ಯ ತಯಾರಿಕೆ, ಆಮದು ನಿಷೇಧಿಸಿತು, 2025ರ ಡಿಸೆಂಬರ್ 31ರೊಳಗೆ ಬಳಕೆಯನ್ನೂ ನಿಲ್ಲಿಸಬೇಕೆಂದು ಗೊತ್ತುಮಾಡಿತು. ಕಾಗದದ ಮೇಲೆ ಅದು ಸರಿ. ಮುಚ್ಚಿದ ಗಿರಣಿಯೊಂದರ ಟ್ರಾನ್ಸ್‌ಫಾರ್ಮರನ್ನು ಗುಜರಿಗೆ ತೂಗಿ ಕೊಟ್ಟಾಗ ಒಳಗಿನ ಎಣ್ಣೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಆ ಗಿರಣಿಯಲ್ಲಿ ದುಡಿದವರಿಗೂ ಇದೆ, ಗುಜರಿಯವರಿಗೂ ಇದೆ. ತಾಮ್ರದ ಆಸೆಗೆ ಪಿ.ವಿ.ಸಿ. ಹೊದಿಕೆಯ ತಂತಿ ಸುಡುವ ಹುಡುಗರನ್ನು ನಾವು ಹಳ್ಳದ ದಂಡೆಯಲ್ಲಿ ಕಂಡಿದ್ದೇವೆ. ಕ್ಲೋರಿನ್ ಕೂಡಿದ ಪ್ಲಾಸ್ಟಿಕ್, ಜೊತೆಗೆ ತಾಮ್ರ, ಮೇಲೆ ಅರೆಬರೆ ಉರಿ: ಡಯಾಕ್ಸಿನ್ ಹುಟ್ಟಲು ಇದಕ್ಕಿಂತ ಅನುಕೂಲ ಬೇರಿಲ್ಲ. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ, ಅವರ ಸಂಜೆಯ ರೊಟ್ಟಿ ಅದರಲ್ಲಿದೆ.

ತತ್ತಿಯ ಗೆಳೆಯರಿಗೆ ಈಗ ನೇರ ಉತ್ತರ. ನೀರು, ದೀಪ ಇದಕ್ಕೆ ನಡೆಯವು. ಜವಾರಿ ತತ್ತಿ ಎಂದಮೇಲೆ ಶುದ್ಧ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಜವಾರಿ ಕೋಳಿ ಮಣ್ಣು ಕೆದರಿ ತಿನ್ನುತ್ತದೆ. ಕಸ ಸುಟ್ಟ ಜಾಗದ, ತಂತಿ ಸುಟ್ಟ ಜಾಗದ ಮಣ್ಣು ಬೂದಿಯನ್ನು ಕೆದರುವ ಕೋಳಿಯ ತತ್ತಿಯಲ್ಲಿ ಡಯಾಕ್ಸಿನ್ ಗೂಡಿನ ಕೋಳಿಯದಕ್ಕಿಂತ ಹೆಚ್ಚಿರುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಪರೀಕ್ಷೆಗೆ ಒಂದು ಡಜನ್ ತತ್ತಿಯ ಬಂಡಾರ ಧಾರಾಳ ಸಾಕು. ಈ ಊರಿನಲ್ಲಿ ಅದನ್ನು ಮಾಡುವ ಕೋಣೆಯಿಲ್ಲ. ಬೇಕಾದ ಸಾಮಾನಿನಲ್ಲಿ 37 ಡಿಗ್ರಿಯ ಪೆಟ್ಟಿಗೆ, ಜೀವಕೋಶಗಳನ್ನು ಕಾಪಾಡುವ ಕಡುತಂಪಿನ ಪೆಟ್ಟಿಗೆ, ಬೆಳಕು ಎಣಿಸುವ ಯಂತ್ರ, ಇವು ದೊಡ್ಡ ವಿಶ್ವವಿದ್ಯಾಲಯಗಳ ಜೀವಶಾಸ್ತ್ರದ ಕೋಣೆಗಳಲ್ಲಿ ಇರುವಂಥವೇ. ಶುದ್ಧ ಮಾಡುವ ಕಲೆ, ಅಳತೆಗೆ ಇಟ್ಟುಕೊಳ್ಳುವ ಡಯಾಕ್ಸಿನನ್ನು ಮೈಗೆ ತಾಕದಂತೆ ಕಾಯುವ ಶಿಸ್ತು, ಇವಕ್ಕೆ ತರಬೇತಿ ಬೇಕು. ನಗರಸಭೆಯ ಕಸ ಸುಡುವ ಬಯಲಿನ ಸುತ್ತ ಮೇಯುವ ಕೋಳಿಗಳ ತತ್ತಿಯನ್ನು ಇಂಥ ಪರೀಕ್ಷೆಗೆ ಕಳಿಸಬೇಕು, ಬಂದ ಉತ್ತರವನ್ನು ಆ ವಾರವೇ ಚಾವಡಿಯ ಹಲಗೆಯ ಮೇಲೆ ಬರೆಯಬೇಕು ಎಂದು ಒಂದು ಅರ್ಜಿ ಬರೆದು ತಂದಿದ್ದೇವೆ. ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಉತ್ತರ ನಮಗೆ ಬೇಡ. ಓದಿ ನೋಡಿ, ಒಪ್ಪಿಗೆಯಾದವರು ರುಜು ಮಾಡಿ. ರುಜು ಬಾರದವರಿಗೆ ಮಸಿ ಇದೆ.

ಹಿಂದಿನ ಸಾಲಿನಲ್ಲಿ ತತ್ತಿಯ ಗೆಳೆಯರು ಕೈ ಎತ್ತಿದ್ದಾರೆ. ಮೊದಲು ಅವರು ಕೇಳಲಿ.